ಅಸ್ಕೆಲಾಡ್ ಸತ್ತ ಪುಟದಲ್ಲೇ ನಿಂತುಬಿಟ್ಟಿದ್ದೇನೆ

ಮಲ್ಪೆಯ ಓದುಗ:
ಮಕೋತೊ ಯುಕಿಮುರ ಅವರ ‘ವಿನ್‌ಲ್ಯಾಂಡ್ ಸಾಗಾ’ ಮಾಂಗಾ (ಜಪಾನಿನ ಚಿತ್ರಕಥೆ) ಓದಿದವರಲ್ಲಿ ಒಂದು ಪ್ರಶ್ನೆ. ಓದದವರು ಮುಂದೆ ಹೋಗಬೇಡಿ, ಕಥೆ ಬಿಟ್ಟುಕೊಡುತ್ತಿದ್ದೇನೆ.

ಥಾರ್ಫಿನ್ ತನ್ನ ತಂದೆಯನ್ನು ಕೊಂದ ಅಸ್ಕೆಲಾಡ್‌ನ ದಂಡಿನಲ್ಲೇ ಬೆಳೆಯುತ್ತಾನೆ. ದ್ವಂದ್ವಯುದ್ಧದಲ್ಲಿ ಅವನನ್ನು ಕೊಲ್ಲಬೇಕೆಂಬುದೊಂದೇ ಛಲ. ಕೊನೆಗೆ ಅಸ್ಕೆಲಾಡ್ ಸಾಯುವುದು ರಾಜಕುಮಾರ ಕನ್ಯೂಟ್‌ನ ಕತ್ತಿಗೆ.

ನನ್ನ ಅಪ್ಪನಿಗೆ ಇಲ್ಲಿನ ಒಂದು ಟ್ರಾಲ್ ಬೋಟಿನಲ್ಲಿ ಅರ್ಧ ಪಾಲಿತ್ತು. ಪಾಲುದಾರ ಡೀಸೆಲ್, ಮಂಜುಗಡ್ಡೆ, ಬಲೆಯ ಸಾಲವೆಂದು ಲೆಕ್ಕ ತೋರಿಸಿ ಬೋಟನ್ನೇ ತನ್ನದಾಗಿಸಿಕೊಂಡ. ಅಪ್ಪ ಸಾಯುವ ತನಕ ಮತ್ತೆ ಬಂದರಿನ ಕಡೆ ತಲೆ ಹಾಕಲಿಲ್ಲ. ಆ ಲೆಕ್ಕದ ಪುಸ್ತಕ ನನ್ನ ಬಳಿ ಇದೆ. ನೀಲಿ ಶಾಯಿ ಅಪ್ಪನದು. ಅದರ ಮೇಲೆ ತಿದ್ದಿದ ಕಪ್ಪು ಅಂಕಿಗಳು ಪಾಲುದಾರನವು. ಒಂದು ಕಡೆ 3 ಅನ್ನು 8 ಮಾಡಿದ್ದಾನೆ, ಕಾಗದವೇ ಹರಿದಿದೆ. ಅದನ್ನು ಅವನ ಮುಂದೆ ಬಿಡಿಸಿಡುವ ದಿನಕ್ಕಾಗಿ ಹನ್ನೊಂದು ವರ್ಷ ಕಾದೆ. ಕಳೆದ ಆಟಿಯಲ್ಲಿ, ಅಂದರೆ ಮಳೆಗಾಲದ ತುಳು ತಿಂಗಳಲ್ಲಿ, ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿದ್ದಾಗ, ಅವನು ಹೃದಯಾಘಾತದಿಂದ ತೀರಿಕೊಂಡ. ಸುದ್ದಿ ಕೇಳಿ ಸಮಾಧಾನವೂ ಆಗಲಿಲ್ಲ. ಥಾರ್ಫಿನ್‌ಗೆ ಮುಂದೆ ಏನಾದರೂ ಸಿಗುತ್ತದೆಯೇ?

ಬ್ರಹ್ಮಾವರದ ತಾಳಮದ್ದಲೆಪ್ರಿಯ:
ಮಳೆಗಾಲಕ್ಕೆ ಮುಂಚಿನ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನನಗೆ ತಾಳಮದ್ದಲೆಯೇ ಗತಿ, ಹಾಗಾಗಿ ನನಗೆ ನೆನಪಾಗುವುದು ಅಶ್ವತ್ಥಾಮ. ಅವನದೂ ತಂದೆಯ ಸಾವಿನ ಸೇಡು. ಮಲಗಿದ್ದ ಉಪಪಾಂಡವರನ್ನು ಕೊಂದ. ಕೊನೆಗೆ ಸಿಕ್ಕಿದ್ದು ಮಣಿ ಕಿತ್ತ ಹಣೆ, ಮೂರು ಸಾವಿರ ವರ್ಷಗಳ ಅಲೆದಾಟ. ನಿಮ್ಮ ಸೇಡು ಕೈಗೂಡದೇ ಹೋದದ್ದು ನಷ್ಟವೆಂದು ನನಗೆ ಅನಿಸುವುದಿಲ್ಲ.

ಕದ್ರಿಯವಳು:
ಮಾರಾಯರೇ, ಅಶ್ವತ್ಥಾಮನಿಗೆ ಯಾರೂ ಗದ್ದೆ ಕೊಡಲಿಲ್ಲ, ಥಾರ್ಫಿನ್‌ಗೆ ಸಿಗುತ್ತದೆ. ಗುಲಾಮನಾಗಿ ಕೆಟಿಲ್ ಎಂಬವನ ಜಮೀನಿಗೆ ಬರುತ್ತಾನೆ. ಐನಾರ್ ಎಂಬ ಇನ್ನೊಬ್ಬ ಗುಲಾಮನ ಜತೆ ಕಾಡು ಕಡಿದು, ಗೋಧಿ ಬೆಳೆದು, ಅದರ ದುಡ್ಡಿನಲ್ಲಿ ಬಿಡುಗಡೆ ಪಡೆಯಬೇಕು. ಮರ ಬಿದ್ದರೂ ಬುಡ ಏಳುವುದಿಲ್ಲ. ಇಬ್ಬರೂ ಬೇರಿನ ಸುತ್ತ ಅಗೆಯುತ್ತಾರೆ, ಕಡಿಯುತ್ತಾರೆ, ಎಳೆಯುತ್ತಾರೆ. ಕೆಟಿಲನ ಮುದಿ ಅಪ್ಪ ಕುದುರೆಯನ್ನೂ ನೇಗಿಲನ್ನೂ ಕೊಡುತ್ತಾನೆ, ಬದಲಿಗೆ ತನ್ನ ಮನೆಗೆಲಸ ಮಾಡಿಸಿಕೊಳ್ಳುತ್ತಾನೆ. ನನಗೆ ಇಡೀ ಕಥೆಯಲ್ಲಿ ಇಷ್ಟು ಪ್ರಿಯವಾದ ಭಾಗ ಬೇರೆ ಇಲ್ಲ. ಅಮ್ಮ ತೀರಿಕೊಂಡ ವರ್ಷ ಅದನ್ನೇ ಮೂರು ಬಾರಿ ಓದಿದ್ದೆ. ಒಂದು ಮಾತು ಮಾತ್ರ: ಥಾರ್ಫಿನ್‌ನ ಕನಸಿನಲ್ಲಿ ಬರುವುದು ಅವನೇ ಕೊಂದವರು. ನಿಮ್ಮ ಕೈ ಹಾಗಲ್ಲ. ಅವನ ಪಾಪವನ್ನೂ ನಿಮ್ಮ ತಲೆಯ ಮೇಲೆ ಹೊರಬೇಡಿ.

ಮಲ್ಪೆಯ ಓದುಗ:
ಇಬ್ಬರಿಗೂ ಮನಸಾರೆ ಕೃತಜ್ಞ. ಬೇರು ಕೀಳುವ ಪುಟಗಳಲ್ಲಿದ್ದೇನೆ. ಇವತ್ತು ಬೆಳಿಗ್ಗೆ ಮೀನು ಏಲಂ ಮಾಡುವಲ್ಲಿ ಆ ಪಾಲುದಾರನ ಮಗ ಸಿಕ್ಕಿದ, ಇಪ್ಪತ್ತೆರಡರ ಹುಡುಗ. “ಅಣ್ಣಾ, ಅಪ್ಪನ ಕಾಗದಗಳಲ್ಲೆಲ್ಲ ನಿಮ್ಮ ತಂದೆಯ ರುಜು ಇದೆ. ಬೋಟಿನ ಸಾಲ ಎಷ್ಟೆಂದು ನನಗೆ ತಿಳಿಯುತ್ತಿಲ್ಲ, ಸ್ವಲ್ಪ ನೋಡಿ ಹೇಳುತ್ತೀರಾ?” ಎಂದ. ಭಾನುವಾರ ಮನೆಗೆ ಬಾ ಎಂದಿದ್ದೇನೆ. ಪುಸ್ತಕವನ್ನು ಕಪಾಟಿನಿಂದ ತೆಗೆದು ಮೇಜಿನ ಮೇಲೆ ಇಟ್ಟಿದ್ದೇನೆ. ಆ ಹರಿದ ಪುಟವನ್ನು ಅವನಿಗೆ ತೋರಿಸಬೇಕೇ ಎಂದು ಇನ್ನೂ ತೀರ್ಮಾನಿಸಿಲ್ಲ.