ಆವರ್ತ ಕೋಷ್ಟಕ: ರಸಾಯನಶಾಸ್ತ್ರ ಉಪನ್ಯಾಸಕರೊಂದಿಗೆ ಪ್ರಶ್ನೋತ್ತರ (ದಾವಣಗೆರೆ–ಚಿತ್ರದುರ್ಗ ವಿಜ್ಞಾನ ಬಳಗ)

ಪಿಯು ವಿದ್ಯಾರ್ಥಿನಿ, ದಾವಣಗೆರೆ: ಸರ್, ಆವರ್ತದಲ್ಲಿ, ಅಂದರೆ ಕೋಷ್ಟಕದ ಅಡ್ಡಸಾಲಿನಲ್ಲಿ, ಎಡದಿಂದ ಬಲಕ್ಕೆ ಅಯಾನೀಕರಣ ಶಕ್ತಿ (ಪರಮಾಣುವಿನಿಂದ ಒಂದು ಎಲೆಕ್ಟ್ರಾನ್ ಕೀಳಲು ಬೇಕಾದ ಶಕ್ತಿ) ಏರಬೇಕಲ್ಲವೇ? ನೈಟ್ರೋಜನ್‌ಗೆ ಮೋಲ್‌ಗೆ 1402 ಕಿಲೋಜೂಲ್, ಪಕ್ಕದ ಆಕ್ಸಿಜನ್‌ಗೆ 1314. ಏಕೆ ಇಳಿಯಿತು?

ಉಪನ್ಯಾಸಕರು: ನೈಟ್ರೋಜನ್‌ನಲ್ಲಿ 2ಪಿ ಎಂಬ ಹೊರಗಿನ ಉಪಕವಚದ ಮೂರು ಎಲೆಕ್ಟ್ರಾನುಗಳು ಮೂರು ಕಕ್ಷಕಗಳಲ್ಲಿ (ಹೆಚ್ಚೆಂದರೆ ಎರಡು ಎಲೆಕ್ಟ್ರಾನು ಹಿಡಿಸುವ ಜಾಗಗಳಲ್ಲಿ) ಒಂಟಿಯಾಗಿವೆ. ಆಕ್ಸಿಜನ್‌ನ ನಾಲ್ಕನೆಯದು ಒಂದರ ಜೊತೆ ಜೋಡಿಯಾಗಲೇಬೇಕು. ಜೋಡಿಯೊಳಗಿನ ವಿಕರ್ಷಣೆಯಿಂದ ಅದನ್ನು ಕೀಳುವುದು ಸುಲಭ.

ಪ್ರೌಢಶಾಲಾ ಶಿಕ್ಷಕ, ಹೊಸದುರ್ಗ ತಾಲ್ಲೂಕು: ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ ಮೂರನ್ನೂ ನೀರಿಗೆ ಹಾಕಿ, ಗುಂಪಿನಲ್ಲಿ (ಕೋಷ್ಟಕದ ಲಂಬಸಾಲಿನಲ್ಲಿ) ಕೆಳಗಿಳಿದಂತೆ ಕ್ರಿಯಾಶೀಲತೆ ಹೆಚ್ಚುವುದನ್ನು ಮಕ್ಕಳಿಗೆ ತೋರಿಸಬೇಕು. ಬೀರುವಿನಲ್ಲಿ ಹಳೆಯ ಪೊಟ್ಯಾಸಿಯಂ ಬಾಟಲಿ ಸಿಕ್ಕಿದೆ. ಸೀಮೆಎಣ್ಣೆ ಆರಿಹೋಗಿದೆ, ಗಟ್ಟಿಯ ಮೇಲೆ ಹಳದಿ ಪೊರೆ. ಚಾಕುವಿನಿಂದ ಕೆರೆಯಬಹುದೇ?

ಉಪನ್ಯಾಸಕರು: ಕೆರೆಯಬೇಡಿ. ಮುಚ್ಚಳವನ್ನೂ ತೆರೆಯಬೇಡಿ. ನೀವು ತೋರಿಸಹೊರಟ ಪ್ರವೃತ್ತಿಯೇ ಆ ಬಾಟಲಿಯಲ್ಲಿ ಕುಳಿತಿದೆ. ಗಾಳಿಯಲ್ಲಿ ಉರಿಸಿದಾಗ ಲಿಥಿಯಂ ಸಾಮಾನ್ಯ ಆಕ್ಸೈಡ್ ಕೊಡುತ್ತದೆ, ಸೋಡಿಯಂ ಮುಖ್ಯವಾಗಿ ಹೆಚ್ಚು ಆಕ್ಸಿಜನ್ ಇರುವ ಪೆರಾಕ್ಸೈಡ್, ಪೊಟ್ಯಾಸಿಯಂ ಇನ್ನೂ ಹೆಚ್ಚು ಆಕ್ಸಿಜನ್ ಇರುವ ಸೂಪರ್‌ಆಕ್ಸೈಡ್. ಲೋಹದ ಅಯಾನು (ವಿದ್ಯುದಾವೇಶ ಹೊತ್ತ ಪರಮಾಣು) ದೊಡ್ಡದಾದಂತೆ ಅಂಥ ದೊಡ್ಡ ಋಣ ಅಯಾನನ್ನು ಸ್ಥಿರವಾಗಿ ಹಿಡಿದುಕೊಳ್ಳುತ್ತದೆ. ಗಾಳಿಯಾಡುವ ಬಾಟಲಿಯಲ್ಲಿ ಪೊಟ್ಯಾಸಿಯಂ ಮೇಲೆ ಅದೇ ಸೂಪರ್‌ಆಕ್ಸೈಡ್ ನಿಧಾನವಾಗಿ ಕಟ್ಟುತ್ತದೆ. ಆ ಹಳದಿ ಪೊರೆ ಅದೇ. ಚಾಕುವಿನ ಒತ್ತಡಕ್ಕೆ ಪೊರೆ ಒಳಗಿನ ಹೊಸ ಲೋಹಕ್ಕೂ ಉಳಿದ ಸೀಮೆಎಣ್ಣೆಗೂ ತಾಗಿದರೆ ಸ್ಫೋಟವಾಗಬಹುದು. ಹೀಗೆ ಕೈ, ಕಣ್ಣು ಕಳೆದುಕೊಂಡವರಿದ್ದಾರೆ. ಬಾಟಲಿಯನ್ನು ಅಲುಗಾಡಿಸದೆ ಕೊಠಡಿಗೆ ಬೀಗ ಹಾಕಿ, ಮುಖ್ಯ ಶಿಕ್ಷಕರಿಗೆ ತಿಳಿಸಿ, ಅಗ್ನಿಶಾಮಕ ಠಾಣೆಗೆ ಕರೆ ಮಾಡಿ.

ಸದಸ್ಯ, ಹೊಳಲ್ಕೆರೆ: ವಿನೆಗರ್‌ನಲ್ಲಿ ಅದ್ದಿದರೆ ಪೊರೆ ಬಿಡುತ್ತದೆ ಎಂಬ ವಿಡಿಯೋ ಬಂದಿದೆ, ಹಾಕಲೇ?

ಉಪನ್ಯಾಸಕರು: ಹಾಕಬೇಡಿ. ವಿನೆಗರ್ ಬಹುಪಾಲು ನೀರು, ಜೊತೆಗೆ ಆಮ್ಲ; ಎರಡೂ ಪೊಟ್ಯಾಸಿಯಂ ಜೊತೆ ಉಗ್ರವಾಗಿ ವರ್ತಿಸುತ್ತವೆ. ಯಾರೋ ಕಳುಹಿಸಿದ್ದನ್ನು ಓದದೆ ದಾಟಿಸುವವರು ಆ ಬಾಟಲಿಯ ಮುಂದೆ ನಿಲ್ಲುವುದಿಲ್ಲ.

ಸದಸ್ಯ, ಚಳ್ಳಕೆರೆ: ನಮ್ಮ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಕುದಿಸಿದರೆ ಹೋಗುತ್ತದೆಯಂತೆ?

ಉಪನ್ಯಾಸಕರು: ಹೋಗುವುದಿಲ್ಲ. ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಸಾಂದ್ರವಾಗುತ್ತದೆ. ಮಿತಿ ಲೀಟರ್‌ಗೆ 1 ಮಿಲಿಗ್ರಾಂ. ಬೇರೆ ಮೂಲವೇ ಇಲ್ಲದಿದ್ದರೆ 1.5. ಪರೀಕ್ಷೆ ಮಾಡಿಸಿ.

ಕೋಚಿಂಗ್ ವಿದ್ಯಾರ್ಥಿ, ದಾವಣಗೆರೆ: ಎಲೆಕ್ಟ್ರಾನ್ ಸೇರಿದಾಗ ಅತಿ ಹೆಚ್ಚು ಶಕ್ತಿ ಬಿಡುವುದು ಫ್ಲೋರಿನ್. ಗುಂಪಿನ ತುದಿಯಲ್ಲಿದೆ.

ಬಿಎಸ್ಸಿ ವಿದ್ಯಾರ್ಥಿ, ಚಿತ್ರದುರ್ಗ: ಕ್ಲೋರಿನ್. 349 ಕಿಲೋಜೂಲ್, ಫ್ಲೋರಿನ್‌ಗೆ 328. ಪುಟ್ಟ ಪರಮಾಣುವಿನಲ್ಲಿ ಎಲೆಕ್ಟ್ರಾನುಗಳ ನೂಕುನುಗ್ಗಲು.

ಕೋಚಿಂಗ್ ವಿದ್ಯಾರ್ಥಿ: ವಿದ್ಯುದೃಣತ್ವದಲ್ಲಿ (ಬಂಧದ ಎಲೆಕ್ಟ್ರಾನುಗಳನ್ನು ತನ್ನತ್ತ ಸೆಳೆಯುವುದರಲ್ಲಿ) ಫ್ಲೋರಿನ್ನೇ ಮೊದಲು.

ಬಿಎಸ್ಸಿ ವಿದ್ಯಾರ್ಥಿ: ಅದು ಬೇರೆ, ಇದು ಬೇರೆ. ನಿಮ್ಮ ಸೂತ್ರದ ಹಾಳೆಯಲ್ಲಿ ಎರಡನ್ನೂ ಒಂದೇ ಬಾಣದಲ್ಲಿ ತೋರಿಸಿರಬೇಕು.

ಕೋಚಿಂಗ್ ವಿದ್ಯಾರ್ಥಿ: ಹಾಳೆಗೆ ಹಣ ಕೊಟ್ಟಿದ್ದೇವೆ, ನಿಮ್ಮ ಉಪದೇಶಕ್ಕಲ್ಲ.

ಪೋಷಕರು, ದಾವಣಗೆರೆ: ಹೈಡ್ರೋಜನ್ ಯಾವ ಗುಂಪು?

ಪಿಯು ವಿದ್ಯಾರ್ಥಿ, ಹರಿಹರ: ಸರ್, ನೈಟ್ರೋಜನ್‌ಗಿಂತ ಆಕ್ಸಿಜನ್‌ಗೆ ಕಡಿಮೆ ಏಕೆ?

ಉಪನ್ಯಾಸಕರು: ಮೇಲಿದೆ.

ಪಿಯು ವಿದ್ಯಾರ್ಥಿ, ಹರಿಹರ: ಬೆರಿಲಿಯಂಗಿಂತ ಬೋರಾನ್‌ಗೆ ಕಡಿಮೆ ಏಕೆ?

ಉಪನ್ಯಾಸಕರು: ಬೆರಿಲಿಯಂನಲ್ಲಿ 2ಎಸ್ ಉಪಕವಚ ಪೂರ್ಣ, ಬೋರಾನ್‌ನಿಂದ ಹೊರಡುವುದು 2ಪಿ ಎಲೆಕ್ಟ್ರಾನ್, ಅದನ್ನು ಕೀಳುವುದು ಸುಲಭ. ಕ್ಲೋರಿನ್ ವಿಷಯದಲ್ಲಿ ಬಿಎಸ್ಸಿಯವರದು ಸರಿ. ಮಿಕ್ಕ ಜಗಳ ಹೊರಗೆ ಮಾಡಿಕೊಳ್ಳಿ. ಹೊಸದುರ್ಗದವರೇ, ಬಾಟಲಿ ಏನಾಯಿತು?

ಪ್ರೌಢಶಾಲಾ ಶಿಕ್ಷಕ: ಬೀಗ ಹಾಕಿದೆವು ಸರ್. ಮುಖ್ಯ ಶಿಕ್ಷಕರು ನಿಮ್ಮ ಉತ್ತರ ಓದಿ, ಮರಳಿನ ಬಕೆಟ್ ಇಡಿಸಿದ್ದಾರೆ. ಮರಳು ಒದ್ದೆಯಿದೆ.

ಉಪನ್ಯಾಸಕರು: ತೆಗೆಸಿ! ಒದ್ದೆ ಮರಳಿನಲ್ಲೂ ನೀರಿದೆ. ಒಣ ಮರಳು ತರಿಸಿ.