ಕಾರಿನ ಸೈಲೆನ್ಸರ್ ಕಡೆಯಿಂದ ಗಡಗಡ ಸದ್ದು: ಮೂಲ ಹುಡುಕುವುದು ಹೇಗೆ?

ಕೇಳಿದ್ದು

ನನ್ನದು ಒಂಬತ್ತು ವರ್ಷ ಹಳೆಯ ಪೆಟ್ರೋಲ್ ಕಾರು, 1,10,000 ಕಿಲೋಮೀಟರ್ ಓಡಿದೆ. ಮೂರು ವಾರಗಳಿಂದ ಅದರ ಅಡಿಯಿಂದ ತಗಡಿನ ಡಬ್ಬಿಯನ್ನು ಅಲುಗಾಡಿಸಿದಂತಹ ಸದ್ದು ಬರುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಜೋರಾಗಿರುತ್ತದೆ, ಎಂಜಿನ್ ಬಿಸಿಯಾದ ಮೇಲೆ ತಗ್ಗುತ್ತದೆ, ಆದರೆ ಆರ್‌ಪಿಎಂ ಮುಳ್ಳು 2000ದ ಆಸುಪಾಸಿಗೆ ಬಂದಾಗ ಮತ್ತೆ ಕೇಳಿಸಿ, ಅದನ್ನು ದಾಟಿದ ಕೂಡಲೇ ನಿಂತುಹೋಗುತ್ತದೆ. ತೋರಿಸಿದ ಗ್ಯಾರೇಜಿನಲ್ಲಿ ಒಮ್ಮೆ ಬಗ್ಗಿ ನೋಡಿ, ಸೈಲೆನ್ಸರನ್ನು ಪೂರ್ತಿ ಬದಲಾಯಿಸಬೇಕು ಎಂದುಬಿಟ್ಟರು; ಏನನ್ನೂ ಕೈಯಿಂದ ಮುಟ್ಟಿ ಪರೀಕ್ಷಿಸಲಿಲ್ಲ. ಒಪ್ಪಿಕೊಳ್ಳುವ ಮುನ್ನ ನಾನೇ ಏನನ್ನು ನೋಡಬಹುದು ಎಂಬುದನ್ನು ಅನುಭವ ಇರುವವರು ದಯವಿಟ್ಟು ತಿಳಿಸಬೇಕು.

ಮೊದಲನೆಯವರ ಅನುಭವ

ಸದ್ಯಕ್ಕೆ ಒಪ್ಪಿಕೊಳ್ಳಬೇಡಿ. ನೀವು ಬರೆದಿರುವ ಲಕ್ಷಣಗಳಲ್ಲೇ ಅರ್ಧ ಉತ್ತರ ಇದೆ. ಇಂತಹ ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದಕ್ಕಿಂತ ಮೊದಲು, ಯಾವಾಗ ಬರುತ್ತಿದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಎಂಜಿನ್‌ನಿಂದ ಹಿಂದಿನ ತುದಿಯವರೆಗೆ ಇಡೀ ಎಕ್ಸಾಸ್ಟ್ ಒಂದಕ್ಕೊಂದು ಬಿಗಿದ ಲೋಹದ ಕೊಳವೆಯಾದ್ದರಿಂದ ಮುಂದೆ ಹುಟ್ಟಿದ ಸದ್ದು ಹಿಂದೆ ಕೇಳಿಸುತ್ತದೆ, ಸೀಟಿನಲ್ಲಿ ಕುಳಿತವರ ಕಿವಿ ಬಹಳ ಸಲ ತಪ್ಪು ಜಾಗವನ್ನೇ ತೋರಿಸುತ್ತದೆ.

ಮೊದಲ ಪರೀಕ್ಷೆಗೆ ಸಲಕರಣೆ ಏನೂ ಬೇಡ. ಬಯಲಿನಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿಟ್ಟು, ಒಬ್ಬರು ಆಕ್ಸಿಲರೇಟರನ್ನು ಬಹಳ ನಿಧಾನವಾಗಿ ಒತ್ತುತ್ತಾ ಹೋಗಲಿ. ನೀವು ಹೊರಗೆ ಕಾರಿನ ಪಕ್ಕದಲ್ಲಿ ನಿಂತು ಕೇಳಿ. ನಿಂತ ಕಾರಿನಲ್ಲೂ 2000ದ ಬಳಿ ಅದೇ ಸದ್ದು ಬಂದರೆ ಚಕ್ರ, ಬ್ರೇಕ್, ಸಸ್ಪೆನ್ಶನ್ ಇವೆಲ್ಲ ಅನುಮಾನದ ಪಟ್ಟಿಯಿಂದ ಹೊರಗೆ ಹೋದಂತೆ. ಓಡುವಾಗ ಮಾತ್ರ, ಅದರಲ್ಲೂ ಹೊಂಡ ಉಬ್ಬುಗಳ ಮೇಲೆ ಮಾತ್ರ ಬರುವ ಸದ್ದಿನ ದಾರಿಯೇ ಬೇರೆ.

ಒಂದೇ ವೇಗದಲ್ಲಿ ಕೇಳಿಸಿ ಅದನ್ನು ದಾಟಿದ ಮೇಲೆ ನಿಲ್ಲುವುದಕ್ಕೆ ಕಾರಣ ಅನುರಣನೆ. ನಾಲ್ಕು ಸಿಲಿಂಡರಿನ ಎಂಜಿನ್‌ ಒಂದು ಸುತ್ತು ತಿರುಗುವಾಗ ಎರಡು ಸಿಲಿಂಡರುಗಳು ಉರಿಯುತ್ತವೆ. ಅಂದರೆ ನಿಮಿಷಕ್ಕೆ 2000 ಸುತ್ತಿನಲ್ಲಿ ಕೊಳವೆಗೆ ಸೆಕೆಂಡಿಗೆ ಸುಮಾರು 67 ಬಾರಿ ಹೊಡೆತ ಬೀಳುತ್ತದೆ. ಸಡಿಲವಾದ ತೆಳು ತಗಡೊಂದರ ಸಹಜ ಕಂಪನ ಅದಕ್ಕೆ ಹೊಂದಿಕೊಂಡರೆ ಅದು ಗಡಗಡ ಎನ್ನುತ್ತದೆ, ವೇಗ ಸ್ವಲ್ಪ ಬದಲಾದರೂ ಸುಮ್ಮನಾಗುತ್ತದೆ. ಬಿಸಿಯಾದಾಗ ಸದ್ದು ತಗ್ಗುವುದಕ್ಕೂ ವಿವರಣೆ ಇದೆ. ಒಂದು ಮೀಟರ್ ಉದ್ದದ ಉಕ್ಕಿನ ಕೊಳವೆಯ ಶಾಖ 400 ಡಿಗ್ರಿ ಏರಿದರೆ ಅದು ಸುಮಾರು 5 ಮಿಲಿಮೀಟರ್ ಹಿಗ್ಗುತ್ತದೆ. ಆಗ ಸಡಿಲವಿದ್ದ ಜಾಗ ಎಷ್ಟೋ ಸಲ ತಾನಾಗಿ ಬಿಗಿಯುತ್ತದೆ. ಈ ಎರಡೂ ಸೇರಿ ಹೀಟ್ ಶೀಲ್ಡ್ ಕಡೆಗೆ, ಅಂದರೆ ಕೊಳವೆಯ ಶಾಖ ಕಾರಿನ ತಳಕ್ಕೆ ತಾಗದಂತೆ ಮುಚ್ಚಿರುವ ತೆಳುವಾದ ತಗಡಿನ ಕಡೆಗೆ ಬೆರಳು ತೋರಿಸುತ್ತವೆ.

ನನ್ನ ಕಾರಿನಲ್ಲಿ ಆಗಿದ್ದೂ ಇದೇ. ಶೀಲ್ಡಿನ ಮೂರು ಬೋಲ್ಟುಗಳು ನೋಡುವುದಕ್ಕೆ ಗಟ್ಟಿಯಾಗಿಯೇ ಇದ್ದವು. ಆದರೆ ಒಂದು ಬೋಲ್ಟಿನ ಸುತ್ತ ತಗಡು ತುಕ್ಕು ತಿಂದು, ತೂತು ಬೋಲ್ಟಿನ ತಲೆಗಿಂತ ದೊಡ್ಡದಾಗಿತ್ತು. ತಗಡು ಅಲ್ಲಿ ಬೋಲ್ಟಿನ ಹಿಡಿತದಲ್ಲೇ ಇರಲಿಲ್ಲ. ಗುರುತು ಸಿಕ್ಕಿದ್ದು ಕೊಳವೆಯ ಮೇಲೆ: ಸುತ್ತಲೂ ಕಂದು ತುಕ್ಕು, ನಡುವೆ ಉಗುರಿನಷ್ಟಗಲದ ಜಾಗ ಮಾತ್ರ ಹೊಸ ಲೋಹದಂತೆ ಥಳಥಳ ಹೊಳೆಯುತ್ತಿತ್ತು. ಶೀಲ್ಡಿನ ಅಂಚು ತಿಂಗಳುಗಟ್ಟಲೆ ಉಜ್ಜಿದ ಜಾಗ ಅದು. ಟಾರ್ಚ್ ಹಿಡಿದು ಹೀಗೆ ಹೊಳೆಯುವ ಚುಕ್ಕೆಗಳನ್ನು ಹುಡುಕಿ, ಅಷ್ಟು ಸಾಕು. ಎಲ್ಲಿ ಲೋಹಕ್ಕೆ ಲೋಹ ತಾಗುತ್ತದೆಯೋ ಅಲ್ಲಿ ತುಕ್ಕು ನಿಲ್ಲುವುದಿಲ್ಲ.

ದುರಸ್ತಿಗೆ ಅಗಲವಾದ ವಾಷರ್ ಹಾಕಿ ಬೋಲ್ಟನ್ನು ಮತ್ತೆ ಬಿಗಿಯುವುದು ಸಾಕಾಗುತ್ತದೆ. ಶೀಲ್ಡ್ ಕೊಳವೆಗೇ ಸುತ್ತಿಕೊಂಡಿದ್ದರೆ ಉದ್ದನೆಯ ಸ್ಟೀಲ್ ಹೋಸ್ ಕ್ಲಿಪ್ಪನ್ನು ಅದರ ಮೇಲೆ ಬಳಸಿ ಬಿಗಿಯಬಹುದು. ತಗಡನ್ನು ಕಿತ್ತೆಸೆದರೆ ಸದ್ದು ಹೋಗುತ್ತದೆ ಎಂದು ಕೆಲವರು ಸಲಹೆ ಕೊಡುತ್ತಾರೆ. ದಯವಿಟ್ಟು ಅದನ್ನು ಕೇಳಬೇಡಿ. ಇಂಧನದ ಪೈಪು, ಬ್ರೇಕಿನ ಪೈಪು, ಒಳಗಿನ ನೆಲಹಾಸು ಇವನ್ನೆಲ್ಲ ಕಾಯುವುದು ಅದೇ ತಗಡು, ಒಣಹುಲ್ಲಿನ ಮೇಲೆ ಕಾರು ನಿಲ್ಲಿಸಿದಾಗ ಬೆಂಕಿಯ ಅಪಾಯವನ್ನು ತಗ್ಗಿಸುವುದೂ ಅದೇ.

ಅಡಿಗೆ ಇಳಿಯುವ ಮುನ್ನ ಎರಡು ಮಾತು. ಎಂಜಿನ್ ನಿಲ್ಲಿಸಿ ಕೆಲವು ಗಂಟೆ ಕಳೆದಿರಬೇಕು, ಇಲ್ಲದಿದ್ದರೆ ಸುಟ್ಟ ಗಾಯ ಖಂಡಿತ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಒಂದು ಕ್ಷಣಕ್ಕೂ ತಲೆ ಹಾಕಬಾರದು, ಗಟ್ಟಿ ನೆಲದ ಮೇಲೆ ಆಕ್ಸಲ್ ಸ್ಟ್ಯಾಂಡ್, ಅಂದರೆ ಕಾರಿನ ಭಾರ ಹೊರುವ ಉಕ್ಕಿನ ಆಸರೆ ಇರಲೇಬೇಕು.

ಸೈಲೆನ್ಸರಿನ ಮೇಲೆ ಹೊರಿಸಿದ ಆರೋಪವನ್ನೂ ಪರೀಕ್ಷಿಸಿಬಿಡಿ. ತಣ್ಣಗಿರುವಾಗ ದಪ್ಪ ಕೈಗವಸು ಹಾಕಿಕೊಂಡು ಅದನ್ನು ಮುಷ್ಟಿಯಿಂದ ಗುದ್ದಿ. ಗುದ್ದಿಗೆ ಒಂದೇ ಮಂದವಾದ ಸದ್ದು ಬಂದರೆ ಒಳಗೆ ಸರಿಯಾಗಿದೆ. ಗುದ್ದಿದ ಮೇಲೂ ಒಳಗೆ ಏನೋ ಉರುಳಿದಂತೆ ಕೇಳಿಸಿದರೆ ತಡೆಹಲಗೆಗಳು ತುಕ್ಕು ಹಿಡಿದು ಕಳಚಿವೆ, ಆಗ ಬದಲಾಯಿಸುವುದೇ ಸರಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹೊರಬೀಳುತ್ತದೆ. ದಿನವೂ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ಹಿಂದಿನ ಡಬ್ಬಿ ಪೂರ್ತಿ ಬಿಸಿಯಾಗದೆ ಆ ನೀರು ಅಲ್ಲೇ ನಿಂತು ಒಳಗಿನಿಂದ ತಿನ್ನುತ್ತದೆ.

ಎರಡನೆಯವರ ಅನುಭವ

ಮೇಲಿನವರು ಹೇಳಿದ್ದು ಸರಿ, ಆದರೆ ಅದೇ ಮುಷ್ಟಿಯ ಪರೀಕ್ಷೆಯನ್ನು ಕ್ಯಾಟಲಿಟಿಕ್ ಕನ್ವರ್ಟರಿಗೂ, ಅಂದರೆ ಹೊಗೆಯಲ್ಲಿನ ವಿಷಾನಿಲಗಳನ್ನು ತಗ್ಗಿಸುವ ಡಬ್ಬಿಗೂ ಮಾಡಬೇಕು. ನಾನು ಮಾಡದೆ ಕಷ್ಟಪಟ್ಟೆ. ನನ್ನ ಕಾರಿನಲ್ಲಿ ಕಿಡಿ ಹೊತ್ತಿಸಲು ವಿದ್ಯುತ್ ಕೊಡುವ ಒಂದು ಇಗ್ನಿಷನ್ ಕಾಯಿಲ್ ಕೆಟ್ಟು ಎಂಜಿನ್ ಮುಗ್ಗರಿಸುತ್ತಿತ್ತು, ಚೆಕ್ ಎಂಜಿನ್ ದೀಪ ಮಿನುಗುತ್ತಿತ್ತು. ಹಾಗೆಯೇ ಎರಡು ದಿನ ಓಡಿಸಿದೆ. ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ, ಶಾಖ ಮಿತಿಮೀರುತ್ತದೆ, ಒಳಗಿರುವ ಜೇನುಗೂಡಿನಂತಹ ಸಿರಾಮಿಕ್ ಇಟ್ಟಿಗೆ ಬಿರಿಯುತ್ತದೆ ಅಥವಾ ಕರಗುತ್ತದೆ. ಕೆಲವು ವಾರಗಳ ಮೇಲೆ ಡಬ್ಬಿಯಲ್ಲಿ ಕಲ್ಲುಚೂರು ಹಾಕಿ ಕುಲುಕಿದಂತಹ ಸದ್ದು ಶುರುವಾಯಿತು. ನಾನು ಅದನ್ನು ಹೀಟ್ ಶೀಲ್ಡ್ ಎಂದೇ ಭಾವಿಸಿ ಸುಮ್ಮನಿದ್ದೆ. ಚೂರುಗಳು ಹಿಂದೆ ಸರಿದು ಕೊಳವೆಯನ್ನು ಮುಚ್ಚತೊಡಗಿದ ಮೇಲೆ ಏರಿನಲ್ಲಿ ಎಷ್ಟು ಒತ್ತಿದರೂ ಕಾರು ಎಳೆಯದಾಯಿತು.

ಎರಡು ಸದ್ದುಗಳ ವ್ಯತ್ಯಾಸವನ್ನು ಈಗ ಕಣ್ಣು ಮುಚ್ಚಿ ಹೇಳಬಲ್ಲೆ. ಶೀಲ್ಡಿನದು ಜರ್ರ್ ಎಂದು ಒಂದೇ ಸಮನೆ ಬರುವ ತಗಡಿನ ಕಂಪನ, ಕಟ್ಟಿಗೆಯ ತುದಿಯಿಂದ ಒತ್ತಿ ಹಿಡಿದರೆ ನಿಲ್ಲುತ್ತದೆ. ಇಟ್ಟಿಗೆಯದು ಸ್ಟಾರ್ಟ್ ಮಾಡಿದಾಗ, ಆಕ್ಸಿಲರೇಟರ್ ಬಿಟ್ಟಾಗ ಬಿಡಿಬಿಡಿಯಾಗಿ ಕಲಕಿದಂತೆ ಬರುತ್ತದೆ, ಹೊರಗಿನಿಂದ ಎಲ್ಲಿ ಒತ್ತಿದರೂ ನಿಲ್ಲುವುದಿಲ್ಲ. ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷಗಳನ್ನು ಓದುವ ಸ್ಕ್ಯಾನರಿನಲ್ಲಿ ಪಿ0420 ಎಂಬ ಕೋಡ್ ಬಂದರೆ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಸೂಚನೆ. ಜೊತೆಗೆ ಪಿ0300ರ ಸಾಲಿನ ಮಿಸ್‌ಫೈರ್ (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವ) ಕೋಡ್ ಇದ್ದರೆ ಮೊದಲು ಅದನ್ನು ಸರಿಪಡಿಸಬೇಕು; ಮೂಲ ದೋಷವನ್ನು ಬಿಟ್ಟು ಹೊಸ ಕನ್ವರ್ಟರ್ ಹಾಕಿದರೆ ಅದೂ ಹಾಗೆಯೇ ಹಾಳಾಗುತ್ತದೆ.

ಮೂರನೆಯವರು

ಕಾರು ಗೇರಿನಲ್ಲಿದ್ದಾಗ ಮಾತ್ರ ನಡುಗಿ ಸದ್ದು ಮಾಡಿ, ನ್ಯೂಟ್ರಲ್‌ಗೆ ತಂದರೆ ಸುಮ್ಮನಾಗುತ್ತಿದ್ದರೆ ಎಂಜಿನ್ ಮೌಂಟಿಂಗ್, ಅಂದರೆ ಎಂಜಿನ್ ಕೂತಿರುವ ರಬ್ಬರಿನ ಆಸರೆ ನೋಡಿಸಿ. ನನ್ನ ಆಟೋಮ್ಯಾಟಿಕ್ ಕಾರಿನಲ್ಲಿ ಮೌಂಟಿಂಗಿನ ರಬ್ಬರ್ ಕುಸಿದು ಎಂಜಿನ್ ವಾಲಿದ್ದರಿಂದ, ಎಕ್ಸಾಸ್ಟ್ ಕೊಳವೆ ಕೆಳಗಿನ ಕ್ರಾಸ್ ಮೆಂಬರಿಗೆ, ಅಂದರೆ ಅಡಿಯಲ್ಲಿರುವ ಅಡ್ಡತೊಲೆಗೆ ತಾಗುತ್ತಿತ್ತು. ಕೊಳವೆಯಲ್ಲಿ ಯಾವ ದೋಷವೂ ಇರಲಿಲ್ಲ. ಉಬ್ಬು ದಾಟುವಾಗ ಧಡ್ ಎಂದರೆ ಸೈಲೆನ್ಸರನ್ನು ತೂಗುಹಾಕಿರುವ ರಬ್ಬರ್ ಹ್ಯಾಂಗರುಗಳನ್ನು ಒಂದೊಂದಾಗಿ ಬೆರಳಿನಿಂದ ಎಳೆದು ನೋಡಿ. ಬಿರುಕು ಮೇಲ್ಭಾಗದಲ್ಲಿ ಅಡಗಿರುವುದೇ ಹೆಚ್ಚು. ಕೆಲವೊಮ್ಮೆ ಶೀಲ್ಡಿಗೂ ಕೊಳವೆಗೂ ನಡುವೆ ಸಿಕ್ಕಿದ ಒಂದು ಕಲ್ಲೇ ಇಡೀ ಸದ್ದಿಗೆ ಕಾರಣವಾಗಿರುತ್ತದೆ.

ನಾಲ್ಕನೆಯವರು

ಗಡಗಡ ಸದ್ದಿನ ಜೊತೆಗೆ ತಣ್ಣನೆಯ ಎಂಜಿನ್‌ನಲ್ಲಿ ಟಿಕ್ ಟಿಕ್ ಎಂಬ ಸದ್ದೂ ಇದೆಯೇ ಎಂದು ಕಿವಿಗೊಟ್ಟು ಕೇಳಿ. ಮ್ಯಾನಿಫೋಲ್ಡಿನ (ಎಂಜಿನ್‌ಗೆ ಅಂಟಿಕೊಂಡ ಮೊದಲ ಕೊಳವೆಗಳ) ಅಥವಾ ಫ್ಲಾಂಜಿನ (ಕೊಳವೆಗಳನ್ನು ಬೋಲ್ಟಿನಿಂದ ಸೇರಿಸುವ ಅಂಚಿನ) ಪ್ಯಾಕಿಂಗ್ ಹೋಗಿ ಅನಿಲ ಸೋರುವಾಗ ಹಾಗೆ ಕೇಳಿಸುತ್ತದೆ, ಬಿಸಿಯಾದ ಮೇಲೆ ಬಿರುಕು ಮುಚ್ಚಿಕೊಂಡು ನಿಲ್ಲುತ್ತದೆ. ಸೋರಿದ ಜಾಗದ ಸುತ್ತ ಕಪ್ಪು ಮಸಿ ಹಿಡಿದಿರುತ್ತದೆ. ಹೆಣೆದ ತಂತಿಯ ಫ್ಲೆಕ್ಸ್ ಪೈಪ್ ಹರಿದಿದ್ದರೂ ಇದೇ ಕಥೆ. ಸಡಿಲವಾದ ತಗಡು ನಾಲ್ಕು ದಿನ ಕಾಯಬಹುದು, ಸೋರಿಕೆ ಕಾಯಬಾರದು: ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಾರಿನಲ್ಲಿ ಕುಳಿತಾಗ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಕೂಡಲೇ ನಿಲ್ಲಿಸಿ ಹೊರಗೆ ಬನ್ನಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿ ಯಾವ ಪರೀಕ್ಷೆಯನ್ನೂ ಮಾಡಬೇಡಿ.

ಕೇಳಿದವರು ಮತ್ತೆ

ಎಲ್ಲರಿಗೂ ಧನ್ಯವಾದಗಳು. ಹೇಳಿದ ಕ್ರಮದಲ್ಲೇ ನೋಡಿದೆ. ನಿಂತ ಕಾರಿನಲ್ಲೂ 2000ಕ್ಕೆ ಸರಿಯಾಗಿ ಸದ್ದು ಬಂತು. ಸೈಲೆನ್ಸರಿಗೆ, ಕನ್ವರ್ಟರಿಗೆ ಗುದ್ದಿದರೆ ಒಳಗೆ ಏನೂ ಅಲುಗಲಿಲ್ಲ. ನಡುವಿನ ಕೊಳವೆಯ ಮೇಲಿನ ಶೀಲ್ಡನ್ನು ಬೆರಳಿನಿಂದ ತಟ್ಟಿದಾಗ ಮಾತ್ರ ಮೂರು ವಾರಗಳಿಂದ ಕೇಳುತ್ತಿದ್ದ ಅದೇ ಸದ್ದು ಅಡಿಯಿಂದ ಹೊರಟಿತು. ಹಿಂಬದಿಯ ಬೋಲ್ಟ್ ಇದ್ದ ಜಾಗದಲ್ಲಿ ತೂತು ಮಾತ್ರ ಉಳಿದಿತ್ತು, ಬೋಲ್ಟ್ ಎಲ್ಲೋ ಉದುರಿಹೋಗಿತ್ತು. ಬೇರೆ ಗ್ಯಾರೇಜಿನ ಮೆಕ್ಯಾನಿಕ್ ಅಗಲವಾದ ವಾಷರ್ ಸೇರಿಸಿ ಹೊಸ ಬೋಲ್ಟ್ ಹಾಕಿಕೊಟ್ಟರು. ಕೊನೆಯ ಹ್ಯಾಂಗರಿನ ರಬ್ಬರ್ ಮೇಲ್ಭಾಗದಲ್ಲಿ ಅರ್ಧ ಸೀಳಿದ್ದೂ ಆಗಲೇ ಕಣ್ಣಿಗೆ ಬಿತ್ತು, ಅದನ್ನೂ ಬದಲಾಯಿಸಿದ್ದಾಯಿತು. ಈ ಬೆಳಿಗ್ಗೆ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ, ಬಾನೆಟ್ ತೆಗೆದು ಹತ್ತು ನಿಮಿಷ ನಿಂತು ಕೇಳಿದೆ. ಗಡಗಡವೂ ಇಲ್ಲ, ಟಿಕ್ ಟಿಕ್ ಕೂಡ ಇಲ್ಲ.