ಸೆಕೆಂಡಿಗೆ 1500 ರೂಪಾಯಿ ಆನೆ

"ಮಗನ್ನ ಸೆಂಟರ್‌ನೋರ ಬೇಸಿಗೆ ಶಿಬಿರಕ್ಕೆ ಹಾಕಿದ್ನಲ್ಲ, ಮೊದ್ಲು ಸರ್ಟಿಫಿಕೇಟ್ ನೋಡ್ರೋ," ಅಂತ ಸೀನ ಮೊಬೈಲ್ ಮುಂದೆ ಹಿಡಿದ. ಬಂಗಾರದ ಬಣ್ಣದಲ್ಲಿ "ಜೂನಿಯರ್ ಡಿಜಿಟಲ್ ಸ್ಟೋರಿಟೆಲ್ಲರ್", ಕೆಳಗೆ ಮಗನ ಹೆಸರು, ಹೆಸರಲ್ಲೊಂದು ಸ್ಪೆಲ್ಲಿಂಗ್ ಮಿಸ್ಟೇಕು.

"ಸರಿ, ಸ್ಟೋರಿ ಎಲ್ಲಿ?" ಅಂದ ನಾಣಿ.

ಸೀನ ವಿಡಿಯೋ ಒತ್ತಿದ. ಹಸಿರು ಚಾರ್ಟ್ ಪೇಪರು, ಬಲಗಡೆ ನೀಲಿ ಕಾಗದದ ಕೆರೆ, ಎಡಗಡೆಯಿಂದ ಒಂದು ಕ್ಲೇ ಆನೆ ಕುಲುಕ್ಕೊಂಡು ಬರ್ತಿದೆ, ಸೊಂಡಿಲು ಯಾವ್ದು ಬಾಲ ಯಾವ್ದು ಅಂತ ದೇವರಾಣೆ ಗೊತ್ತಾಗಲ್ಲ. ನಾಲ್ಕು ಸೆಕೆಂಡಿಗೆ ಮುಗ್ದೇ ಹೋಯ್ತು. ಕೆರೆ ಇನ್ನೂ ಒಂದು ಗೇಣು ದೂರ.

"ಆಮೇಲೆ?"

"ಅಷ್ಟೇ ಕಣೋ. ನೀರು ಕುಡಿಯೋದೆಲ್ಲ ಲೆವೆಲ್ ಟೂ ಅಂತೆ. ಅದಕ್ಕೆ ಬೇರೆ 8000."

"ಇದಕ್ಕೆಷ್ಟು ಕಟ್ಟಿದ್ದೆ?"

"ಐದು ದಿನಕ್ಕೆ 6000."

ನಾಣಿ ಕಣ್ಮುಚ್ಚಿ ಲೆಕ್ಕ ಹಾಕ್ದ. "ಸೆಕೆಂಡಿಗೆ 1500. ಅಲ್ಲಯ್ಯಾ, ಮೈಸೂರು ದಸರೇಲಿ ನಮ್ಮ ಆನೆ ಅಭಿಮನ್ಯು 750 ಕೆಜಿ ಅಂಬಾರಿ ಹೊತ್ಕೊಂಡು ಅರಮನೆಯಿಂದ ಬನ್ನಿಮಂಟಪಕ್ಕೆ ಐದು ಕಿಲೋಮೀಟರ್ ನಡೆದಿದ್ದಾನೆ. ಎರಡು ಗಂಟೆ ಅಂತಾನೇ ಇಟ್ಕೋ, ನಿಮ್ಮ ಸೆಂಟರ್ ರೇಟಲ್ಲಿ ಒಂದು ಕೋಟಿ ಎಂಟು ಲಕ್ಷ ಆಯ್ತು. ಅಷ್ಟು ಕೊಟ್ರೂ ಬನ್ನಿಮಂಟಪದ ಹತ್ರ ನಿಲ್ಲಿಸಿ, ಪಂಜಿನ ಕವಾಯತು ಲೆವೆಲ್ ಟೂ ಅಂತಾರೆ!"

ವಿಶುಗೆ ಉರೀತು. ಅವನು ಸಾಫ್ಟ್‌ವೇರು, ಇಂಥದ್ರಲ್ಲಿ ಯಾವತ್ತೂ ಸೆಂಟರ್‌ನೋರ ಕಡೆ. "ಸ್ಟಾಪ್ ಮೋಷನ್ ಅಂದ್ರೆ ಹುಡುಗಾಟನಾ? ಸಿನಿಮಾಗೆ ಸೆಕೆಂಡಿಗೆ 24 ಫ್ರೇಮ್ ಬೇಕು, ಮಕ್ಕಳು ಅಂತ 12ಕ್ಕೆ ಇಳಿಸಿರ್ತಾರೆ, ಆದ್ರೂ ನಾಲ್ಕು ಸೆಕೆಂಡಿಗೆ 48 ಫೋಟೋ. ಪ್ರತಿ ಸಲ ಕಾಲು ಒಂಚೂರು ಸರಿಸ್ಬೇಕು, ಕೈ ಹಿಂದಕ್ಕೆ ತಗೋಬೇಕು, ಕ್ಯಾಮೆರಾ ಅಲ್ಲಾಡಂಗಿಲ್ಲ, ಕಿಟಕಿ ಬೆಳಕು ಬದಲಾಗಂಗಿಲ್ಲ. ತಾಳ್ಮೆ ಕಲೀತಾರೆ ಮಕ್ಳು."

"ತಾಳ್ಮೆ ಕಲ್ತಿದ್ದು ಆನೆ ಕಣೋ. ಬಾಯಾರಿದ ಪ್ರಾಣೀನ ಕೆರೆ ಮುಂದೆ ನಿಲ್ಲಿಸಿ ಫೀಸ್ ಕೇಳ್ತಾರಲ್ಲ, ಅರಣ್ಯ ಇಲಾಖೆಗೆ ಗೊತ್ತಾದ್ರೆ ಕೇಸೇ."

"ಆನೆ ಒಂದೇ ಅಲ್ಲ, ಪಾಡ್‌ಕಾಸ್ಟ್, ವಿಡಿಯೋ ಎಡಿಟಿಂಗ್, ಸ್ಕ್ರಾಚು ಎಲ್ಲ ಇದೆ ಅಲ್ಲಿ. ಸ್ಕ್ರಾಚ್ ಅಂದ್ರೆ ಮಕ್ಕಳು ಕೋಡಿಂಗ್ ಕಲಿಯೋಕೆ ಅಂತ ಅಮೆರಿಕದ ಎಂಐಟಿಯವರು 2007ರಲ್ಲಿ ಬಿಟ್ಟಿದ್ದು, ಕಿತ್ತಳೆ ಬಣ್ಣದ ಬೆಕ್ಕು ಇರುತ್ತಲ್ಲ. ಪ್ರಪಂಚದ ಮಕ್ಳೆಲ್ಲ ಫ್ರೀಯಾಗಿ..."

"ಫ್ರೀ ಅಂದ್ಯಲ್ಲ, ಹಾಗಾದ್ರೆ 6000 ಯಾವ್ದಕ್ಕೆ?"

"ಮೆಂಟರು, ಎಸಿ..."

"ನೋಡು, ವರ್ಷವೆಲ್ಲ ಮೊಬೈಲ್ ಮುಟ್ಟಿದ್ರೆ ಕೈ ಮುರೀತೀನಿ ಅಂತಾರೆ, ಏಪ್ರಿಲ್ ಬಂದ ತಕ್ಷಣ ದುಡ್ಡು ಕೊಟ್ಟು ಅದೇ ಮೊಬೈಲ್ ಹಿಡಿಸ್ತಾರೆ. ಎಂಟು ವರ್ಷದ ಮಗು ಪಾಡ್‌ಕಾಸ್ಟಲ್ಲಿ 'ಹಲೋ ಗೈಸ್, ನನ್ನ ಜರ್ನಿ' ಅಂತ ಶುರು ಮಾಡುತ್ತೆ. ಯಾವ ಜರ್ನಿ? ಎಲ್‌ಕೆಜಿ ಇಂದ ಮೂರನೇ ಕ್ಲಾಸಾ? ರಂಗಾಯಣದ ನಾಟಕದ ಶಿಬಿರ ಚಿಣ್ಣರ ಮೇಳಕ್ಕೆ ಸೇರಿಸಿದ್ರೆ ಮಣ್ಣಲ್ಲಿ ಹೊರಳಾಡ್ಕೊಂಡು ಗಂಟಲು ಹರ್ಕೊಂಡು ಬರ್ತಿತ್ತು."

"ಅರ್ಜಿ ಹಾಕೋದು ಮರ್ತುಹೋಯ್ತು ಕಣೋ," ಅಂದ ಸೀನ.

ಇಷ್ಟೊತ್ತು ಸುಮ್ನಿದ್ದ ಮೇಷ್ಟ್ರು ಗಂಟಲು ಸರಿ ಮಾಡ್ಕೊಂಡ್ರು. "ಸಿನಿಮಾದ ದಾದಾಸಾಹೇಬ್ ಫಾಲ್ಕೆಯವರು ಗೊತ್ತಲ್ಲ, ಹರಿಶ್ಚಂದ್ರನ ಸಿನಿಮಾಕ್ಕೆ ಮುಂಚೆ, 1912ರ ಹೊತ್ತಿಗೆ, ಕುಂಡದಲ್ಲಿ ಬಟಾಣಿ ನೆಟ್ಟು ಅದು ಮೊಳೆತು ಬೆಳೆಯೋದನ್ನ ಒಂದೊಂದೇ ಫ್ರೇಮ್ ತೆಗೆದಿದ್ರು. ದುಡ್ಡು ಹಾಕೋರಿಗೆ ತೋರಿಸಿ ನಂಬಿಸೋಕೆ."

"ನೋಡಿ, ಬಟಾಣಿ ಪೂರ್ತಿ ಬೆಳೀತು ಮೇಷ್ಟ್ರೇ, ಲೆವೆಲ್ ಟೂಗೆ ಕಾಯ್ಲಿಲ್ಲ."

ಮೇಷ್ಟ್ರು ನಗಲಿಲ್ಲ. "ನನ್ನ ಕ್ಲಾಸಲ್ಲೊಬ್ಬ ಇದ್ದ. ಲೆಕ್ಕದ ನೋಟ್ ಬುಕ್ಕಿನ ಮೂಲೇಲಿ ಪುಟಕ್ಕೊಂದು ಗಾಳಿಪಟ ಬರ್ದಿದ್ದ, ಹೆಬ್ಬೆರಳಲ್ಲಿ ಸರ್ರಂತ ಬಿಟ್ರೆ ಗಾಳಿಪಟ ಮೇಲಕ್ಕೇರಿ ದಾರ ಕಿತ್ಕೊಂಡು ಹೋಗೋದು. ಲೆಕ್ಕ ಒಂದೂ ಮಾಡಿರ್ಲಿಲ್ಲ, ಬುಕ್ಕು ಕಿತ್ಕೊಂಡು ಬೀರುಗೆ ಹಾಕ್ದೆ. ಪರೀಕ್ಷೆ ಆದ್ಮೇಲೆ ಕೊಡೋಣ ಅಂತಿದ್ದೆ, ಅಷ್ಟರಲ್ಲಿ ಅವರಪ್ಪಂಗೆ ವರ್ಗ ಆಯ್ತು. ರಿಟೈರ್ ಆಗೋತನಕ ಆ ಬುಕ್ಕು ಅಲ್ಲೇ ಇತ್ತು. ಯಾರೂ ಇಲ್ದಾಗ ತೆಗ್ದು ಒಂದ್ಸಲ ಗಾಳಿಪಟ ಹಾರಿಸಿ ಮತ್ತೆ ಬೀಗ ಹಾಕ್ತಿದ್ದೆ."

ನಾಣಿಗೂ ಮಾತು ಹೊರಡ್ಲಿಲ್ಲ, ಅದು ಅಪರೂಪ. ಸೀನ ವಿಡಿಯೋ ಮತ್ತೆ ಹಾಕ್ದ, ಈ ಸಲ ತಡೆದು ತಡೆದು. ಒಂದ್ಕಡೆ ಆನೆ ಬೆನ್ನ ಮೇಲೆ ಹುಡುಗನ ಬೆರಳಚ್ಚು ಗೆರೆಗೆರೆಯಾಗಿ ಕಾಣುತ್ತೆ, ಇನ್ನೊಂದು ಫ್ರೇಮಲ್ಲಿ ಕೈ ತೆಗೆಯೋದು ತಡವಾಗಿ ಕಿರುಬೆರಳೇ ಬಂದುಬಿಟ್ಟಿದೆ, ಉಗುರಲ್ಲಿ ಬೂದು ಕ್ಲೇ. "ಮನೇಲಿ ಎರಡು ನಿಮಿಷ ಕೂರಲ್ಲ ಕಣ್ರೋ ಇವ್ನು," ಅಂದ. "8000 ಹೋದ್ರೆ ಹೋಗ್ಲಿ, ಆನೆ ನೀರು ಕುಡೀಲಿ."

"ಮೊದ್ಲು ಅವನನ್ನೇ ಕೇಳು," ಅಂದ್ರು ಮೇಷ್ಟ್ರು.

ಸೀನ ಮನೆಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕ್ದ. "ಪುಟ್ಟಾ, ಆನೆಗೆ ನೀರು ಕುಡಿಸೋ ಕ್ಲಾಸಿಗೆ ಸೇರ್ತೀಯೇನೋ?"

"ಅದು ಆಗ್ಲೇ ಕುಡಿದಿದೆ ಅಪ್ಪಾ! ಕುಡ್ದು ಮನೆಗೆ ವಾಪಸ್ ಹೋಗ್ತಿರೋದು. ಗ್ಯಾಲರೀಲಿ ಹೊಸ ಫೋಟೋ ಮೇಲಿರುತ್ತಲ್ಲ, ಮಿಸ್ಸು ಹಂಗೇ ಎಲ್ಲ ಸೆಲೆಕ್ಟ್ ಮಾಡ್ಬಿಟ್ರು, ಉಲ್ಟಾ ಆಗೋಯ್ತು. ಬಾಲ ಮುಂದಿರೋದು ಕಾಣಲ್ವಾ ನಿಂಗೆ?"

ಸೀನ ನಮ್ಮ ಮುಖ ನೋಡ್ದ. ವಿಶು ಮರದ ಕಡೆ ನೋಡ್ದ.

"ಹಂಗಾದ್ರೆ ನೀನು ಕಟ್ಟಬೇಕಾಗಿರೋದು ಲೆವೆಲ್ ಟೂ ಅಲ್ಲಯ್ಯಾ," ಅಂದ ನಾಣಿ, "ಲೆವೆಲ್ ಸೊನ್ನೆ!"